ಲ್ಯಾಪ್‌ಟಾಪ್ ಖರೀದಿ: ಅಗ್ಗದ್ದೋ, ಮಧ್ಯಮ ದರ್ಜೆಯದೋ?

ಮಾರ್ಚ್ ಬಂತೆಂದರೆ ಸವಕಳಿಯ ಆಸೆಗೆಂದೇ ದುಬಾರಿ ಲ್ಯಾಪ್‌ಟಾಪ್ ಕೊಳ್ಳುವ ವರ್ತಕರಿದ್ದಾರೆ. ಲೆಕ್ಕ ನೋಡೋಣ. ಪಾಲುದಾರಿಕೆ ಸಂಸ್ಥೆಯೊಂದು, ಜಿಎಸ್‌ಟಿ ಹೊರತಾಗಿ, 25,000 ರೂ. ಹೆಚ್ಚು ತೆತ್ತು ಮಧ್ಯಮ ದರ್ಜೆಯದನ್ನು ಕೊಂಡಿತೆನ್ನಿ. ಗಣಕಯಂತ್ರದ ಸವಕಳಿ ದರ ಶೇ. 40, ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹಾಗಾಗಿ ಹೆಚ್ಚುವರಿ ಸವಕಳಿ 5,000 ರೂ.; ಶೇ. 30ರಂತೆ, ಸೆಸ್ ಬಿಟ್ಟು, ಉಳಿಯುವ ತೆರಿಗೆ ಬರೀ 1,500 ರೂ. ಮಿಕ್ಕಿದ್ದು ಮುಂದಿನ ವರ್ಷಗಳಿಗೆ ಹಂಚಿಹೋಗುತ್ತದೆ. ಕಾಂಪೊಸಿಷನ್ ವರ್ತಕರಿಗಂತೂ ಶೇ. 18ರ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಕೂಡ ಇಲ್ಲ.

ಆದ್ದರಿಂದ ಕೆಲಸವನ್ನು ನೋಡಿಯೇ ಆರಿಸತಕ್ಕದ್ದು. ಬಿಲ್ಲು, ಟ್ಯಾಲಿ, ರಿಟರ್ನ್ ಸಲ್ಲಿಕೆಗಳಿಗೆ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಉಳ್ಳ ಅಗ್ಗದ್ದೇ ಸಾಕು. 4 ಜಿಬಿಯದು ಬೇಡ. ಕ್ಯಾಡ್‌ನಲ್ಲಿ ಬಿಡಿಭಾಗಗಳನ್ನು ವಿನ್ಯಾಸಗೊಳಿಸುವ ಕಾರ್ಖಾನೆಗೆ ಮಾತ್ರ 16 ಜಿಬಿ, ಪ್ರತ್ಯೇಕ ಗ್ರಾಫಿಕ್ಸ್ ಇರುವುದು ಯುಕ್ತ. ಯಾವುದನ್ನೇ ಕೊಳ್ಳಲಿ, ರ‍್ಯಾಮ್ ಬೋರ್ಡಿಗೇ ಬೆಸೆದಿದೆಯೇ ಎಂದು ಅಂಗಡಿಯಲ್ಲೇ ಕೇಳಿರಿ. ಬೆಸೆದಿದ್ದು, ಬೇರೆ ಸ್ಲಾಟ್ ಇಲ್ಲದಿದ್ದರೆ ಮುಂದೆ ಹೆಚ್ಚಿಸಲಾಗದು.