‘ಎಚ್’ ಬಂತು, ಈಗ ಯಾವ ಹಾಡು?

ಪ್ರಶ್ನೆ: ನನಗೆ ಅರವತ್ತೆಂಟು ವರ್ಷ. ಪ್ರತಿ ಭಾನುವಾರ ಅಮೆರಿಕದಲ್ಲಿರುವ ಮೊಮ್ಮಕ್ಕಳ ಜೊತೆ ವಿಡಿಯೊ ಕರೆಯಲ್ಲಿ ಅಂತ್ಯಾಕ್ಷರಿ ಆಡುತ್ತೇನೆ. ಈಗ ಅವರು ಹೊಸ ನಿಯಮ ತಂದಿದ್ದಾರೆ: ಇಂಗ್ಲಿಷ್ ಹಾಡೇ ಆಗಬೇಕು, ವಾರಕ್ಕೊಂದೇ ಅಕ್ಷರ. ಮುಂದಿನ ವಾರ ‘ಎಚ್’. ನನ್ನ ಇಂಗ್ಲಿಷ್ ಕೇಳಿ ಮಕ್ಕಳು ನಕ್ಕುಬಿಟ್ಟರೆ ಎಂಬ ಅಂಜಿಕೆ. ‘ದ’, ‘ಎ’ ಎಂದು ಶುರುವಾಗುವ ಹಾಡುಗಳನ್ನು ಯಾವ ಅಕ್ಷರಕ್ಕೆ ಸೇರಿಸಬೇಕು? – ಮೈಸೂರಿನ ಓದುಗರು

ಉತ್ತರ: ಮೊಮ್ಮಕ್ಕಳ ಎದುರು ತಪ್ಪಾಗಬಾರದು ಎನಿಸುವುದು ಸಹಜ. ಆದರೆ ಅಜ್ಜಿ ತಮ್ಮ ಆಟಕ್ಕೆ ಇಳಿದದ್ದೇ ಆ ಮಕ್ಕಳಿಗೆ ದೊಡ್ಡ ಸಂತೋಷ. ನಿಮಗೆ ಬಂದಿರುವ ಅಕ್ಷರವೂ ಒಳ್ಳೆಯದೇ.

ಬೀಟಲ್ಸ್ ತಂಡದ ‘ಹೇ ಜೂಡ್’ ಕಲಿಯಿರಿ. 1968ರಲ್ಲಿ ಜಾನ್ ಲೆನನ್ ತಮ್ಮ ಪತ್ನಿ ಸಿಂಥಿಯಾ ಅವರಿಂದ ದೂರವಾಗಿದ್ದರು. ಮಗ ಜೂಲಿಯನ್‌ಗೆ ಆಗ ಐದು ವರ್ಷ. ತಾಯಿ ಮಗನನ್ನು ನೋಡಲು ಕಾರಿನಲ್ಲಿ ಹೊರಟ ಪಾಲ್ ಮೆಕಾರ್ಟ್ನಿ, ಆ ಹುಡುಗನಿಗೆ ಸಮಾಧಾನ ಹೇಳುವಂತೆ ದಾರಿಯಲ್ಲೇ ಗುನುಗಿಕೊಂಡ ಹಾಡಿದು. ಮೊದಲು ‘ಜೂಲ್ಸ್’ ಎಂದಿತ್ತು, ಆಮೇಲೆ ‘ಜೂಡ್’ ಆಯಿತು. ಅಜ್ಜಿಯರ ಬಾಯಲ್ಲಿ ಇದಕ್ಕಿಂತ ಚೆನ್ನಾಗಿ ಒಪ್ಪುವ ಪಾಶ್ಚಾತ್ಯ ಹಾಡು ನನಗಂತೂ ತೋಚುವುದಿಲ್ಲ.

ಶುರು ಹೀಗೆ ಮಾಡಿ. ಮೊದಲ ಪದಕ್ಕೆ ಯಾವ ವಾದ್ಯವೂ ಇಲ್ಲ, ಬರೀ ಕೊರಳು. ಪಂಚಮದಲ್ಲಿ ‘ಹೇ’ ಎನ್ನಿ, ಅಂತರ ಗಾಂಧಾರಕ್ಕೆ ಇಳಿದು ‘ಜೂಡ್’ ಎನ್ನಿ. ಅಷ್ಟಕ್ಕೇ ಮಕ್ಕಳು ಗುರುತು ಹಿಡಿಯುತ್ತಾರೆ. ಹಾಡು ಒಟ್ಟು ಏಳು ನಿಮಿಷಕ್ಕೂ ಮಿಕ್ಕಿದ್ದು. ಅದರಲ್ಲಿ ಕೊನೆಯ ನಾಲ್ಕು ನಿಮಿಷ ಕೋಡಾ (ಹಾಡು ಮುಗಿದ ಮೇಲೆ ಬಾಲದಂತೆ ಬೆಳೆಯುವ ಭಾಗ). ಅಲ್ಲಿ ಎಲ್ಲರೂ ಸೇರಿ ಬಹುಪಾಲು ‘ನ’ ಎಂಬ ಒಂದೇ ಅಕ್ಷರವನ್ನು ಹಾಡುತ್ತಾರೆ. ಅದಕ್ಕೆ ಯಾವ ಇಂಗ್ಲಿಷೂ ಬೇಡ.

ಇನ್ನು ನಿಯಮದ ಮಾತು. ಗ್ರಂಥಾಲಯಗಳಲ್ಲಿ ಶೀರ್ಷಿಕೆ ಜೋಡಿಸುವಾಗ ಆರ್ಟಿಕಲ್ (ನಾಮಪದದ ಮುಂದೆ ಬರುವ ‘ಎ’, ‘ದ’ ಮುಂತಾದ ಪುಟ್ಟ ಪದ) ಬಿಟ್ಟು ಎಣಿಸುವ ರೂಢಿಯಿದೆ. ಹಾಗೆ ನೋಡಿದರೆ ‘ಎ ಹಾರ್ಡ್ ಡೇಸ್ ನೈಟ್’, ‘ದ ಹೌಸ್ ಆಫ್ ದ ರೈಸಿಂಗ್ ಸನ್’ ಎರಡೂ ‘ಎಚ್’ ಪಾಲಿಗೇ ಬರುತ್ತವೆ. ಆಟ ಶುರುವಾಗುವ ಮುಂಚೆಯೇ ಇದನ್ನು ಒಪ್ಪಿಸಿಕೊಳ್ಳಿ.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಅಂತ್ಯಾಕ್ಷರಿ ಕಿವಿಗೆ ಬಿದ್ದ ಅಕ್ಷರವನ್ನು ನಂಬುತ್ತದೆ, ಮಕ್ಕಳ ಆಟ ಕಾಗುಣಿತವನ್ನು. ಬಿಲ್ಲಿ ಜೋಯಲ್ ಅವರ ‘ಆನೆಸ್ಟಿ’ ಕೇಳುವುದಕ್ಕೆ ‘ಆ’, ಬರೆಯುವುದಕ್ಕೆ ‘ಎಚ್’. ಅದನ್ನು ಕೊನೆಯ ಸುತ್ತಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಹತ್ತನೇ ತರಗತಿಯಲ್ಲಿರುವ ಮಗ ‘ಹೈವೇ ಟು ಹೆಲ್’, ‘ಹೋಟೆಲ್ ಕ್ಯಾಲಿಫೋರ್ನಿಯಾ’ ಎಂಬ ಹಾಡುಗಳನ್ನು ಹಗಲೂ ರಾತ್ರಿ ಹಾಕಿಕೊಂಡಿರುತ್ತಾನೆ. ಒಂದರ ಹೆಸರಲ್ಲೇ ನರಕವಿದೆ. ಇನ್ನೊಂದು ಸೈತಾನನ ಹಾಡು ಎಂದು ನೆಂಟರು ಹೆದರಿಸಿದ್ದಾರೆ. ಕಿತ್ತಿಟ್ಟುಬಿಡಲೇ? – ಹಾಸನದ ಒಬ್ಬ ತಾಯಿ

ಉತ್ತರ: ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಮಗ ಬಾಗಿಲು ಹಾಕಿಕೊಂಡು ಕೇಳುವ ಹಾಡಿನಲ್ಲಿ ನರಕದ ಹೆಸರು ಬಂದರೆ ಯಾವ ತಾಯಿಗೂ ಎದೆ ಧಸಕ್ಕೆನ್ನುತ್ತದೆ. ಆದರೂ ಕಿತ್ತಿಡಬೇಡಿ, ಮೊದಲು ಹಾಡುಗಳು ಏನೆಂದು ನೋಡೋಣ.

‘ಹೈವೇ ಟು ಹೆಲ್’ 1979ರದ್ದು, ಆಸ್ಟ್ರೇಲಿಯಾದ ಎಸಿ/ಡಿಸಿ ತಂಡದ್ದು. ಬಸ್ಸಿನಲ್ಲಿ ಊರೂರು ಅಲೆಯುವ ಸಂಗೀತ ಪ್ರವಾಸದ ದಣಿವಿನಿಂದ ಹುಟ್ಟಿದ ಹೆಸರದು ಎಂದು ಗಿಟಾರ್ ವಾದಕ ಆಂಗಸ್ ಯಂಗ್ ವಿವರಿಸಿದ್ದಾರೆ. ಪೂಜೆಯೂ ಇಲ್ಲ, ಮಂತ್ರವೂ ಇಲ್ಲ. ಆದರೆ ನಿಮ್ಮ ಭಯ ಪೂರ್ತಿ ಸುಳ್ಳು ಎಂದೂ ಹೇಳಲಾರೆ. ಅದನ್ನು ಹಾಡಿದ ಬಾನ್ ಸ್ಕಾಟ್ 1980ರ ಫೆಬ್ರುವರಿಯಲ್ಲಿ, ಲಂಡನ್ನಿನಲ್ಲಿ ಒಂದು ರಾತ್ರಿ ಅತಿಯಾಗಿ ಕುಡಿದು ತೀರಿಕೊಂಡರು. ವಯಸ್ಸು ಮೂವತ್ಮೂರು. ಮಗನ ಜೊತೆ ಮಾತಾಡಬೇಕಾದದ್ದು ಈ ಕುಡಿತದ ಬಗ್ಗೆ. ಗದರಿಸದೆ, ‘ಇದನ್ನು ಹಾಡಿದವರು ಆಮೇಲೆ ಏನಾದರಪ್ಪ?’ ಎಂದು ಅವನನ್ನೇ ಕೇಳಿ. ಅವನಿಗೆ ಗೊತ್ತಿರುತ್ತದೆ.

‘ಹೋಟೆಲ್ ಕ್ಯಾಲಿಫೋರ್ನಿಯಾ’ ಬೇರೆಯೇ ಬಗೆಯದು. ಈಗಲ್ಸ್ ತಂಡ ಇದೇ ಹೆಸರಿನ ಆಲ್ಬಂ (ಹಾಡುಗಳ ಸಂಪುಟ) ತಂದದ್ದು 1976ರ ಡಿಸೆಂಬರಿನಲ್ಲಿ. ಅದರ ಹೊದಿಕೆಯಲ್ಲಿರುವ ಕಟ್ಟಡ ಸೈತಾನನ ಮಂದಿರ ಎಂಬ ಗಾಳಿಸುದ್ದಿ ಬಹಳ ಕಾಲ ಓಡಾಡಿತು. ಅದು ಬೆವರ್ಲಿ ಹಿಲ್ಸ್ ಹೋಟೆಲ್, ಇವತ್ತಿಗೂ ಇದೆ. ಮುಗ್ಧತೆಯಿಂದ ಅನುಭವದ ಕಡೆಗಿನ ಪ್ರಯಾಣವೇ ಈ ಹಾಡು ಎಂದು ಹಾಡಿದ ಡಾನ್ ಹೆನ್ಲಿ ಹೇಳಿದ್ದಾರೆ. ಹಣ, ಸುಖ, ಹೆಸರು ಕರೆದು ಕೂರಿಸಿಕೊಳ್ಳುತ್ತವೆ, ಎದ್ದು ಹೋಗಲು ಬಿಡುವುದಿಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ.

ಒಂದು ಸಂಜೆ ಮಗನ ಪಕ್ಕ ಕೂತು ಆ ಹಾಡಿನ ಕೊನೆಯ ಎರಡು ನಿಮಿಷ ಕೇಳಿ. ಮಾತು ನಿಂತುಹೋಗಿರುತ್ತದೆ. ಡಾನ್ ಫೆಲ್ಡರ್ ಒಂದು ಸಾಲು ನುಡಿಸುತ್ತಾರೆ, ಜೋ ವಾಲ್ಶ್ ಉತ್ತರ ಕೊಡುತ್ತಾರೆ. ಹೀಗೆ ಕೊಟ್ಟು ತೆಗೆದುಕೊಳ್ಳುತ್ತಾ ಕೊನೆಗೆ ಎರಡು ಗಿಟಾರೂ ಜೊತೆಯಾಗಿ, ಒಂದರ ಮೇಲೊಂದು ಎಂಬಂತೆ ಒಂದೇ ಹೆಜ್ಜೆಯಲ್ಲಿ ಇಳಿಯುತ್ತವೆ. ನಮ್ಮ ಜುಗಲ್‌ಬಂದಿ ಕೇಳಿದ ಕಿವಿಗೆ ಇದು ಪರಕೀಯವಾಗಿ ಕೇಳುವುದಿಲ್ಲ.

ಪ್ರಶ್ನೆ: ಶಾಲೆಯ ಪ್ರಾರ್ಥನೆಗೆ ಮಕ್ಕಳಿಗೆ ‘ಹಲ್ಲೆಲೂಯ’ ಕಲಿಸುತ್ತಿದ್ದೇನೆ. ಅದು ಪ್ರಾರ್ಥನಾಗೀತೆಯೇ ಅಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ಕಸಿವಿಸಿಯಾಗಿದೆ. – ಮಂಗಳೂರಿನ ಶಿಕ್ಷಕಿ

ಉತ್ತರ: ನೀವು ತಪ್ಪೇನೂ ಮಾಡಿಲ್ಲ. ಹೀಬ್ರೂ ಮೂಲದ ಆ ಪದಕ್ಕೆ ‘ದೇವರನ್ನು ಸ್ತುತಿಸಿ’ ಎಂದೇ ಅರ್ಥ, ರಾಗವೂ ಭಕ್ತಿಯದ್ದೇ ಎನಿಸುತ್ತದೆ. ಆದರೆ ಲೆನರ್ಡ್ ಕೋಹೆನ್ 1984ರಲ್ಲಿ ಹಾಡಿದ್ದು ದಾವೀದ, ಸಂಸೋನರ ಕಥೆಗಳನ್ನು ನೆನೆಯುತ್ತಾ ಪ್ರೀತಿ, ಕಾಮ, ಸೋಲು ಎಲ್ಲವನ್ನೂ ಸೇರಿಸಿಕೊಂಡ ಹಾಡು. ಅವರು ಇದಕ್ಕೆ ವರ್ಷಗಟ್ಟಲೆ ಚರಣಗಳನ್ನು ಬರೆಯುತ್ತಲೇ ಇದ್ದರು. 1991ರಲ್ಲಿ ಜಾನ್ ಕೇಲ್, 1994ರಲ್ಲಿ ಜೆಫ್ ಬಕ್ಲಿ ಮಾಡಿದ ಕವರ್ (ಒಬ್ಬರ ಹಾಡನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಹಾಡುವುದು) ಗಳಲ್ಲಿ ಚರಣಗಳೇ ಬೇರೆಯಾದವು. ಎಲ್ಲ ಚರಣಗಳನ್ನೂ ಒಮ್ಮೆ ಓದಿ. ಮಕ್ಕಳಿಗೆ ಪಲ್ಲವಿಯಷ್ಟನ್ನೇ ಕಲಿಸಿದರೂ ಹಾಡು ತುಂಬಿಕೊಂಡೇ ಇರುತ್ತದೆ.

ಪ್ರಶ್ನೆ: ಮೃದಂಗ ಕಲಿಯುತ್ತಿದ್ದೇನೆ. ಗೆಳೆಯರು ‘ಎಚ್’ ಅಕ್ಷರದ ಇಪ್ಪತ್ತು ಪಾಶ್ಚಾತ್ಯ ಹಾಡುಗಳ ಪಟ್ಟಿ ಕಳಿಸಿದ್ದಾರೆ. ಕೇಳಿದರೆ ಲಯ ಕೆಡುತ್ತದೆಯೇ? ಗುರುಗಳಿಗೆ ಅಗೌರವವಾಗುತ್ತದೆಯೇ? – ಧಾರವಾಡದ ವಿದ್ಯಾರ್ಥಿ

ಉತ್ತರ: ಗುರುಗಳ ಬಗ್ಗೆ ನಿಮಗಿರುವ ಅಳುಕು ಒಳ್ಳೆಯ ಶಿಷ್ಯನ ಲಕ್ಷಣ. ಅದು ಹಾಗೆಯೇ ಇರಲಿ. ಆದರೆ ಎಣಿಸಿ ಕೇಳುವವರ ಲಯ ಕೆಡುವುದಿಲ್ಲ.

1964ರಲ್ಲಿ ಆನಿಮಲ್ಸ್ ತಂಡ ಹಾಡಿದ ‘ಹೌಸ್ ಆಫ್ ದ ರೈಸಿಂಗ್ ಸನ್’ ಮೂಲತಃ ಹಳೆಯ ಜನಪದ ಗೀತೆ. ಅದು ಮೂರು ಮೂರರ ತೂಗಿನಲ್ಲಿ ಸಾಗುತ್ತದೆ, ನಿಮ್ಮ ತಿಶ್ರ ನಡೆ ಅಲ್ಲಿ ಸಿಗುತ್ತದೆ. ಆಮೇಲೆ ‘ಹಿಯರ್ ಕಮ್ಸ್ ದ ಸನ್’ ಹಾಕಿಕೊಳ್ಳಿ. ಸಿತಾರ್ ವಾದನವನ್ನು ಪಂಡಿತ್ ರವಿಶಂಕರ್ ಅವರಿಂದ ಕಲಿತಿದ್ದ ಜಾರ್ಜ್ ಹ್ಯಾರಿಸನ್, 1969ರ ವಸಂತದಲ್ಲಿ ವ್ಯವಹಾರದ ಸಭೆಯೊಂದನ್ನು ತಪ್ಪಿಸಿಕೊಂಡು ಗೆಳೆಯ ಎರಿಕ್ ಕ್ಲಾಪ್ಟನ್ ಮನೆಗೆ ಹೋದರು. ಅಲ್ಲಿ ತೋಟದಲ್ಲಿ ಬಿಸಿಲಿಗೆ ಓಡಾಡುತ್ತಾ ಕಟ್ಟಿದ ಹಾಡಿದು.

ಮೊದಲಿಗೆ ತೊಡೆಯ ಮೇಲೆ ನಾಲ್ಕರ ತಾಳ ಹಾಕಿ, ಸಲೀಸಾಗಿ ಕೂರುತ್ತದೆ. ಸೂರ್ಯನನ್ನು ಮತ್ತೆ ಮತ್ತೆ ಕರೆಯುವ ನಡುವಿನ ಭಾಗ ಬಂದಾಗ ಕೈ ತಪ್ಪುತ್ತದೆ, ಗಾಬರಿಯಾಗಬೇಡಿ. ಅಲ್ಲಿ ನಾಲ್ಕನ್ನು ಬಿಟ್ಟು ಮೂರು ಮೂರಾಗಿ ಕಟ್ಟಿಕೊಂಡು ಹೋಗಿ, ಎಲ್ಲಿ ಎರಡು ಬೇಕಾಗುತ್ತದೆ ಎಂದು ಹುಡುಕಿ ನೋಡಿ. ಸಿಕ್ಕಿದ ಲೆಕ್ಕವನ್ನು ಬರೆದುಕೊಂಡು ಮುಂದಿನ ಪಾಠದ ದಿನ ಗುರುಗಳ ಮುಂದೆ ನುಡಿಸಿ ತೋರಿಸಿ.