ಮುಳ್ಳು ಮೇಲಿದೆ, ಹಬೆ ಇಲ್ಲ: ಮನೆಯ ಎಸ್ಪ್ರೆಸ್ಸೋ ಯಂತ್ರದ ಬಾಯ್ಲರ್ ದೋಷಗಳು



ಕಾಂಡಕೊರಕ, ಕೊಳೆರೋಗ, ಗೊಬ್ಬರದ ಪ್ರಮಾಣ ಮುಂತಾದ ವಿಷಯಗಳನ್ನೇ ಈ ಪುಟದಲ್ಲಿ ಓದಿ ಅಭ್ಯಾಸವಾದ ತಮಗೆ ಈ ಸಲದ ಪಾಠ ಸ್ವಲ್ಪ ವಿಚಿತ್ರವೆನಿಸಬಹುದು. ಆದರೆ ಇತ್ತೀಚೆಗೆ ನಮ್ಮ ಹಲವು ಸದಸ್ಯರ ಮನೆಗಳಿಗೆ ಎಸ್ಪ್ರೆಸ್ಸೋ ಯಂತ್ರ ಬಂದಿದೆ. ಕೆಲವರಿಗೆ ಮಕ್ಕಳು ಕೊಡಿಸಿದ್ದು, ಕೆಲವರು ಹೋಂಸ್ಟೇ ಅತಿಥಿಗಳಿಗೆಂದು ತಾವೇ ತಂದದ್ದು. ನಮ್ಮ ದೇಶದ ಕಾಫಿಗೆ ಬಹುಕಾಲದಿಂದ ದೊಡ್ಡ ಗಿರಾಕಿ ಇಟಲಿ. ಅಲ್ಲಿ ನಮ್ಮ ರೊಬಸ್ಟಾ ಯಾವ ರೂಪದಲ್ಲಿ ಬಟ್ಟಲಿಗಿಳಿಯುತ್ತದೆಂದು ಬೆಳೆದವನೂ ಒಮ್ಮೆ ಕುಡಿದು ನೋಡುವುದು ಒಳ್ಳೆಯದೇ. ತೊಂದರೆಯೆಂದರೆ, ಯಂತ್ರ ಕೆಟ್ಟಾಗ ರಿಪೇರಿಗೆ ಬೆಂಗಳೂರಿನ ದಾರಿ ಹಿಡಿಯಬೇಕು. ಹೋಗಿ ಬರುವಷ್ಟರಲ್ಲಿ ದುಡ್ಡೂ ಹೋಗುತ್ತದೆ, ತಿಂಗಳೂ ಕಳೆಯುತ್ತದೆ.

ನನ್ನದೇ ಕಥೆ ಕೇಳಿ. ಯಂತ್ರ ಬಂದ ಹೊಸದರಲ್ಲಿ, ಸ್ವಿಚ್ ಹಾಕಿದ ಐದಾರು ನಿಮಿಷಕ್ಕೆ ಮೇಲ್ಭಾಗದ ಒಂದು ಸಣ್ಣ ವಾಲ್ವಿನಿಂದ ಬುಸ್ಸೆಂದು ಹಬೆ ಬಂದು, ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತಿತ್ತು. ಇದು ಸೋರಿಕೆಯೆಂದು ತಿಳಿದ ನಾನು ಮುಚ್ಚಳ ಬಿಚ್ಚಿ, ಪೈಪಿಗೆ ಹಚ್ಚುವ ಅಂಟನ್ನು ಆ ವಾಲ್ವಿನ ತೂತಿಗೆ ಮೆತ್ತಿದೆ. ಬಿ.ಎಸ್ಸಿ. ಓದಿದವನು ಮಾಡುವ ಕೆಲಸವಲ್ಲ, ಆದರೂ ಮಾಡಿದೆ. ಮರುದಿನದಿಂದ ಒತ್ತಡದ ಮುಳ್ಳು ಸರಿಯಾಗಿ 1.2 ಬಾರ್‌ಗೆ ಏರುತ್ತಿತ್ತು, ಅದೂ ಮೊದಲಿಗಿಂತ ಬೇಗ. ಹಾಲಿಗೆ ಹಬೆ ಬಿಟ್ಟರೆ ಮಾತ್ರ ಎರಡು ಸೆಕೆಂಡು ಪುಸ್ಸೆಂದು ನಿಂತುಬಿಡುತ್ತಿತ್ತು. ಬೆಂಗಳೂರಿನ ರಿಪೇರಿಯವರು ಕಾಯಿಲ್ ಬದಲಾಯಿಸಿ ಒಂಬತ್ತು ಸಾವಿರ ತೆಗೆದುಕೊಂಡರು. ಮನೆಗೆ ತಂದರೆ ಅದೇ ಪುಸ್ಸು. ಕೊನೆಗೆ ಅಂಟಿನ ವಿಷಯ ಬಾಯಿಬಿಟ್ಟಾಗ ಮನೆಯವರು ಹೇಳಿದ್ದಿಷ್ಟು: "ಕುಕ್ಕರಿಗೆ ಹಬೆ ಬರುವ ಮೊದಲೇ ವೆಯ್ಟ್ ಹಾಕಿದ ಹಾಗಾಯ್ತಲ್ಲ ಮಾರಾಯ್ರೇ."

ಇಡೀ ಪಾಠ ಆ ಮಾತಿನಲ್ಲಿದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರತ್ಯೇಕ ಹಬೆ ಬಾಯ್ಲರ್ ಇರುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಮಾಪಕಗಳಿರುತ್ತವೆ. ಒಂದು ಪಂಪಿನದು, ಕಾಫಿ ಇಳಿಯುವಾಗ 9 ಬಾರ್ ಆಸುಪಾಸು ತೋರಿಸುತ್ತದೆ. ನಮಗೆ ಈಗ ಬೇಕಾದದ್ದು ಇನ್ನೊಂದು, ಹಬೆ ಬಾಯ್ಲರಿನದು. ಅದು 1ರಿಂದ 1.5 ಬಾರ್ ಒಳಗೆ ನಿಲ್ಲಬೇಕು. ಇದು ಹೆಚ್ಚುಕಡಿಮೆ ನಮ್ಮ ಅಡಿಗೆಮನೆಯ ಕುಕ್ಕರಿನ ಒತ್ತಡವೇ. 1 ಬಾರ್ ಒತ್ತಡದ ಶುದ್ಧ ಹಬೆಯ ಶಾಖ ಸುಮಾರು 120 ಡಿಗ್ರಿ. ಅಡಿಕೆ ಬೇಯಿಸುವ ತೆರೆದ ಹಂಡೆಯ ನೀರು 100 ಡಿಗ್ರಿ ದಾಟುವುದಿಲ್ಲ. ಮುಚ್ಚಿದ ಬಾಯ್ಲರಿನಲ್ಲಿ ದಾಟುತ್ತದೆ. ಹಾಲನ್ನು ನೊರೆಯೆಬ್ಬಿಸುವ ಶಕ್ತಿ ಬರುವುದು ಅಲ್ಲಿಂದ.

ಆದರೆ ಮಾಪಕದ ಮುಳ್ಳಿಗೆ ಹಬೆ ಯಾವುದು, ಗಾಳಿ ಯಾವುದು ಎಂಬ ಭೇದ ತಿಳಿಯದು. ತಣ್ಣಗಿರುವ ಬಾಯ್ಲರಿನಲ್ಲಿ ನೀರಿನ ಮೇಲೆ ಇರುವುದು ಬರೀ ಗಾಳಿ. ಅದು ಹೊರಗೆ ಹೋಗದಿದ್ದರೆ, ಕಾದು ಹಿಗ್ಗಿ ಒತ್ತಡ ಕೊಡುತ್ತದೆ. ಗಾಳಿಯ ಒತ್ತಡಕ್ಕೆ ಹಬೆಯ ಒತ್ತಡ ಸೇರಿ, ನೀರು 100 ಡಿಗ್ರಿ ಮುಟ್ಟುವ ಮೊದಲೇ ಮುಳ್ಳು 1 ಬಾರ್ ದಾಟುತ್ತದೆ. ಒತ್ತಡದ ಸ್ವಿಚ್ಚು ಕೆಲಸ ಮುಗಿಯಿತೆಂದು ಕರೆಂಟು ಕಡಿಯುತ್ತದೆ. ನಾವು ನಳಿಕೆ ತೆರೆದೊಡನೆ ಗಾಳಿ ಹೋಯಿತು, ಒತ್ತಡವೂ ಹೋಯಿತು. ಇದನ್ನು ತಪ್ಪಿಸಲೆಂದೇ ಮೇಲೊಂದು ಪುಟ್ಟ ವಾಲ್ವು ಇಟ್ಟಿರುತ್ತಾರೆ. ಬಿಡಿಭಾಗದ ಅಂಗಡಿಯಲ್ಲಿ ವ್ಯಾಕ್ಯೂಮ್ ಬ್ರೇಕರ್ ಎಂದು ಕೇಳಬೇಕು. ತಣ್ಣಗಿರುವಾಗ ಅದರೊಳಗಿನ ಕಡ್ಡಿ ತನ್ನ ಭಾರದಿಂದ ಕೆಳಗಿಳಿದು ಬಾಯಿ ತೆರೆದಿರುತ್ತದೆ. ಗಾಳಿ ಹೊರಟು ಹಬೆ ರಭಸದಿಂದ ಬಂದಾಗ ಕಡ್ಡಿ ಮೇಲೆದ್ದು ಬಾಯಿ ಮುಚ್ಚುತ್ತದೆ. ನಾನು ಸೋರಿಕೆಯೆಂದದ್ದು ಅದು ಉಸಿರು ಬಿಡುತ್ತಿದ್ದ ಸದ್ದು.

ಅದಕ್ಕೆ ಇನ್ನೊಂದು ಕೆಲಸವೂ ಇದೆ. ಯಂತ್ರ ಆರಿಸಿದ ಮೇಲೆ ಹಬೆ ತಣಿದು ನೀರಾಗಿ ಬಾಯ್ಲರಿನಲ್ಲಿ ನಿರ್ವಾತ ಉಂಟಾಗುತ್ತದೆ. ಆಗ ಈ ವಾಲ್ವು ತೆರೆದು ಹೊರಗಿನ ಗಾಳಿಯನ್ನು ಒಳಬಿಡಬೇಕು. ಬಿಡದಿದ್ದರೆ, ನಳಿಕೆಯ ತಿರುಪು ಸ್ವಲ್ಪ ಸಡಿಲವಿದ್ದರೂ ಸಾಕು, ತುದಿಯಲ್ಲಿರುವ ಹಾಲು ಒಳಕ್ಕೆ ಎಳೆಯಲ್ಪಡುತ್ತದೆ. ನಮ್ಮ ಯಂತ್ರದ ಬಿಸಿನೀರಿಗೆ ಹುಳಿ ಮಜ್ಜಿಗೆಯ ವಾಸನೆ ಬಂದದ್ದು ಹೀಗೆ. ಅದನ್ನು ತೊಳೆದು ತೆಗೆಯಲು ಮೂರು ದಿನ ಹಿಡಿಯಿತು.

ಪರೀಕ್ಷೆ ಸುಲಭ. ಮುಳ್ಳು ಏರಿದ ಮೇಲೆ ನಳಿಕೆಯನ್ನು ಒದ್ದೆ ಬಟ್ಟೆಯೊಳಗಿಟ್ಟು ಹತ್ತು ಹದಿನೈದು ಸೆಕೆಂಡು ತೆರೆಯಿರಿ. ಮುಳ್ಳು ಥಟ್ಟನೆ ಸೊನ್ನೆಗಿಳಿದು, ನಳಿಕೆ ಮುಚ್ಚಿದ ಮೇಲೆ ನಿಧಾನವಾಗಿ ಏರಿ, ಎರಡನೆಯ ಸಲ ಹಬೆ ಜೋರಾಗಿ ಬಂದರೆ ಕಾಯಿಲ್ ಸರಿಯಾಗಿದೆ, ವಾಲ್ವು ಕಚ್ಚಿಕೊಂಡಿದೆ ಎಂದೇ ತಿಳಿಯಿರಿ. ಹೊಸ ವಾಲ್ವು ಬರುವವರೆಗೆ, ಕಾಯಿಸುವಾಗ ನಳಿಕೆಯನ್ನು ತೆರೆದೇ ಇಟ್ಟು ಹಬೆ ಬಂದ ಮೇಲೆ ಮುಚ್ಚಿದರೆ ಕೆಲಸ ಸಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಬುಸ್ ಎನ್ನುವುದು ನಿಲ್ಲದೇ ಇದ್ದರೆ ವಾಲ್ವಿನ ರಬ್ಬರ್ ಉಂಗುರ ಸವೆದಿದೆ ಅಥವಾ ಸುಣ್ಣದ ಚಕ್ಕೆ ಸಿಕ್ಕಿಕೊಂಡಿದೆ. ತಣಿದ ಮೇಲೆ ಬಿಚ್ಚಿ ತೊಳೆದು, ಉಂಗುರ ಬದಲಾಯಿಸಿ. ನನಗೆ ಹೊಸ ವಾಲ್ವಿಗೇ ನಾನೂರು ರೂಪಾಯಿಯೊಳಗೆ ಮುಗಿಯಿತು.

ಮುಳ್ಳು ಏರುವುದೇ ಇಲ್ಲವಾದರೆ ಕಥೆ ಬೇರೆ. ಮೊದಲು ಮನೆಯ ವೋಲ್ಟೇಜ್ ನೋಡಿ. ಮಳೆಗಾಲದಲ್ಲಿ 180 ವೋಲ್ಟಿಗಿಳಿದರೆ 1200 ವಾಟಿನ ಕಾಯಿಲ್ ಸುಮಾರು 735 ವಾಟಿನಷ್ಟೇ ಕಾಯಿಸುತ್ತದೆ. ಎರಡನೆಯ ಲೋಟ ಹಾಲಿಗೆ ಹಬೆ ಸಾಲದು. ಇದು ಯಂತ್ರದ ದೋಷವಲ್ಲ. ವೋಲ್ಟೇಜ್ ಸರಿಯಿದ್ದರೆ, ಪ್ಲಗ್ ಕಿತ್ತು, ಕಾಯಿಲಿನ ಎರಡೂ ತಂತಿ ಬಿಚ್ಚಿ ಮಲ್ಟಿಮೀಟರಿನಿಂದ ಅಳೆಯಿರಿ. 230 ವೋಲ್ಟಿನ 1200 ವಾಟ್ ಕಾಯಿಲ್ ಸುಮಾರು 44 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ಸರಿಯಾಗಿ ತೋರಿಸಿದರೆ ಶಾಖ ಮಿತಿಯ ಕಟೌಟ್ ಬಿದ್ದಿರಬಹುದು, ಅಥವಾ ಒತ್ತಡದ ಸ್ವಿಚ್ಚಿನ ಸಂಪರ್ಕ ಬಿಂದುಗಳು ಕರಕಾಗಿರಬಹುದು. ಸ್ವಿಚ್ ಹಾಕಿದೊಡನೆ ಇ.ಎಲ್.ಸಿ.ಬಿ. ಬಿದ್ದರೆ ಕಾಯಿಲ್ ಬಿರುಕುಬಿಟ್ಟು ಕರೆಂಟು ಅರ್ಥಿಗೆ ಸೋರುತ್ತಿರುವ ಸಂಭವ ಹೆಚ್ಚು. ಅರ್ಥಿನ ತಂತಿ ಕಿತ್ತು ಯಂತ್ರ ನಡೆಸಿದವರನ್ನು ನಾನು ನೋಡಿದ್ದೇನೆ, ದಯವಿಟ್ಟು ಬೇಡ. ಒದ್ದೆ ಕೈಯಲ್ಲಿ ಮುಟ್ಟುವ ಲೋಹದ ಪೆಟ್ಟಿಗೆ ಅದು.

ಹಬೆಯ ಬದಲು ನೀರೇ ಬಂದರೆ ಬಾಯ್ಲರ್ ತುಂಬಿಹೋಗಿದೆ. ನೀರಿನ ಮಟ್ಟ ನೋಡಲು ಒಳಗೊಂದು ಉಕ್ಕಿನ ಕಡ್ಡಿಯಿದೆ. ನೀರು ತಾಗಿದಾಗ ಅತಿ ಸಣ್ಣ ಕರೆಂಟು ಹರಿದು ಪಂಪು ನಿಲ್ಲುತ್ತದೆ. ಕಡ್ಡಿಗೆ ಸುಣ್ಣ ಕಟ್ಟಿದರೆ ಕರೆಂಟು ಹರಿಯುವುದಿಲ್ಲ, ಪಂಪು ತುಂಬಿಸುತ್ತಲೇ ಇರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನವರಿಗೆ ಈ ಕಾಟ. ತಮಾಷೆಯೆಂದರೆ ಸುಣ್ಣದ ಭಯಕ್ಕೆ ಆರ್.ಓ. ನೀರು ಹಾಕುವವರಿಗೂ ಇದೇ ಕಾಟ, ಏಕೆಂದರೆ ಲವಣವಿಲ್ಲದ ನೀರಿನಲ್ಲಿ ಕರೆಂಟು ಸರಿಯಾಗಿ ಹರಿಯದು. ನಮ್ಮ ಒಬ್ಬ ಸದಸ್ಯರು ಆರ್.ಓ. ನೀರಿಗೆ ಕಾಲು ಪಾಲು ಬಾವಿನೀರು ಬೆರೆಸಿದ ದಿನವೇ ಯಂತ್ರ ಸರಿಹೋಯಿತು. ಕಡ್ಡಿಯ ಬುಡ ಹೊರಗೆ ಒದ್ದೆಯಾಗಿ ಕೊಳೆ ಹಿಡಿದರೆ ತದ್ವಿರುದ್ಧ: ಖಾಲಿ ಬಾಯ್ಲರು ತುಂಬಿದೆಯೆಂದು ಯಂತ್ರ ನಂಬಿ, ಬರಿಗಾಯಿಲ್ ಕಾದು ಸುಡುತ್ತದೆ. ವರ್ಷಕ್ಕೊಮ್ಮೆ ಕಡ್ಡಿ ಬಿಚ್ಚಿ ಒರೆಸಿಡುವುದು ಲೇಸು.

ಕಡೆಯದಾಗಿ ಸೇಫ್ಟಿ ವಾಲ್ವು. ಇದು ಮೇಲೆ ಹೇಳಿದ ಪುಟ್ಟ ವಾಲ್ವಿನ ಪಕ್ಕದಲ್ಲೇ ಇರುವುದುಂಟು. ಒಂದನ್ನು ಇನ್ನೊಂದೆಂದು ತಿಳಿಯಬಾರದು. ಸೇಫ್ಟಿ ವಾಲ್ವು ಹಾರಿತೆಂದರೆ ಒತ್ತಡದ ಸ್ವಿಚ್ಚು ಅಂಟಿಕೊಂಡು ಕಾಯಿಲ್ ಆರದೇ ಕಾಯುತ್ತಿರಬಹುದು. ಮುಳ್ಳು ನೋಡುತ್ತ ನಿಲ್ಲದೆ ಗೋಡೆಯ ಸ್ವಿಚ್ ಆರಿಸಿ ದೂರ ಸರಿಯಿರಿ. ಅದರ ತಿರುಪು ಬಿಗಿಯುವುದಾಗಲಿ, ಅಂಟು ಮೆತ್ತುವುದಾಗಲಿ ಸರ್ವಥಾ ಕೂಡದು. ನಾನು ಅಂದು ಮೆತ್ತಿದ್ದು ಅದರ ಪಕ್ಕದ ತೂತಿಗೆ. ಒಂದೂವರೆ ಅಂಗುಲದ ಅಂತರದಲ್ಲಿ ಪಾರಾದೆ. ಯಾವುದೇ ತಿರುಪು ಬಿಚ್ಚುವ ಮೊದಲು ಪ್ಲಗ್ ಕಿತ್ತು, ನಳಿಕೆ ತೆರೆದು ಒತ್ತಡ ಬಿಟ್ಟು, ಎರಡು ಗಂಟೆ ತಣಿಯಲು ಬಿಡತಕ್ಕದ್ದು. ಗ್ಯಾರಂಟಿ ಅವಧಿಯೊಳಗಿನ ಯಂತ್ರವನ್ನು ಬಿಚ್ಚಲೇಬೇಡಿ.

ಸಂಘದ ಕಚೇರಿಯಲ್ಲಿ ಒಂದು ಮಲ್ಟಿಮೀಟರ್ ಇಡಲಾಗಿದೆ. ಬೇಕಾದ ಸದಸ್ಯರು ಗುಮಾಸ್ತರ ಬಳಿ ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಮೂರು ದಿನದೊಳಗೆ, ಬ್ಯಾಟರಿ ಸಹಿತ, ಹಿಂದಿರುಗಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ