ಮನೆ-ಅಂಗಡಿಯ ಜಾಲದಲ್ಲಿ ಕಂಪ್ಯೂಟರಿನ ಹೆಸರು

ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಂತಹ ಊರುಗಳಲ್ಲಿ ಅಂಗಡಿಯೂ ಮನೆಯೂ ಒಂದೇ ಸೂರಿನಡಿ ಇರುವುದುಂಟು. ಮುಂದೆ ಬಿಲ್ಲಿನ ಕಂಪ್ಯೂಟರ್, ಒಳಗೆ ಲೆಕ್ಕಪತ್ರದ ಕಂಪ್ಯೂಟರ್, ನಡುವೆ ರೂಟರ್. ಕರೆಂಟ್ ಹೋಗಿ ಬಂದ ಬಳಿಕ ಒಂದಕ್ಕೆ ಇನ್ನೊಂದರ ಹೆಸರು ಸಿಗದೆ ಹೋಗಬಹುದು. 20ನೆಯ ತಾರೀಖಿನೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ ವರ್ತಕರಿಗೆ ಇದು ಸಣ್ಣ ತೊಡಕಲ್ಲ.

ಜಾಲದಲ್ಲಿ ಕಂಪ್ಯೂಟರುಗಳು ಪರಸ್ಪರ ತಲುಪುವುದು 192.168.1.5ರಂತಹ ಐಪಿ ಸಂಖ್ಯೆಯಿಂದ. ಹೆಸರು ಮನುಷ್ಯರ ಅನುಕೂಲಕ್ಕೆ. ಈ ಸಂಖ್ಯೆಯನ್ನು ರೂಟರ್ ನಿಗದಿತ ಅವಧಿಗೆ ಮಾತ್ರ ಕೊಡುವುದರಿಂದ ಅದು ಬದಲಾಗಬಹುದು. ಅಂತರಜಾಲದ ಹೆಸರುಗಳನ್ನು ಹುಡುಕಿಕೊಡುವ ಡಿಎನ್ಎಸ್‌ಗೆ ಮನೆಯೊಳಗಿನ ಹೆಸರುಗಳು ತಿಳಿಯವು. ಆದ್ದರಿಂದ ಕಂಪ್ಯೂಟರುಗಳು ಜಾಲದೊಳಗೇ ಕೂಗಿ ಕೇಳುತ್ತವೆ: ಹಳೆಯ ವಿಂಡೋಸ್‌ನಲ್ಲಿ ನೆಟ್‌ಬಯಾಸ್ ಮೂಲಕ, ಹೊಸದರಲ್ಲಿ 2013ರಲ್ಲಿ ಮಾನಕವಾಗಿ ಪ್ರಕಟವಾದ ಎಂಡಿಎನ್ಎಸ್ ಮೂಲಕವೂ. ಫೈರ್‌ವಾಲ್ ತಡೆದರೆ ಈ ಕೂಗು ಕೇಳಿಸದು.

ಮೊದಲು 'ಪಿಂಗ್' ಆದೇಶದಿಂದ ಪರೀಕ್ಷಿಸಬೇಕು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದೋಷವಿರುವುದು ಹೆಸರಿನಲ್ಲಿ. ಎರಡಕ್ಕೂ ಬಾರದಿದ್ದರೆ ಕೇಬಲ್ಲನ್ನೂ ಫೈರ್‌ವಾಲನ್ನೂ ನೋಡಬೇಕು.

ಪರಿಹಾರಕ್ಕೆ ಎರಡು ಹೆಜ್ಜೆ. ಮೊದಲನೆಯದಾಗಿ, ಲೆಕ್ಕದ ಕಂಪ್ಯೂಟರಿನ ಮ್ಯಾಕ್ ವಿಳಾಸಕ್ಕೆ ರೂಟರಿನಲ್ಲಿ ಒಂದು ಸಂಖ್ಯೆಯನ್ನು ಕಾಯ್ದಿರಿಸಬೇಕು. ಬಳಿಕ ಬಿಲ್ಲಿನ ಕಂಪ್ಯೂಟರಿನ 'ಹೋಸ್ಟ್ಸ್' ಕಡತದಲ್ಲಿ ಆ ಸಂಖ್ಯೆ, ಒಂದು ತೆರಪು, ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು, ಹೀಗೆ ಒಂದು ಸಾಲು ಬರೆಯಬೇಕು. ಕಡತವನ್ನು ಉಳಿಸಲು ಅಡ್ಮಿನಿಸ್ಟ್ರೇಟರ್ ಅನುಮತಿ ಅಗತ್ಯ.

ಈ ಕ್ರಮ ತಪ್ಪಬಾರದು. ಸಂಖ್ಯೆ ಸ್ಥಿರವಾಗದೆ ಹೆಸರು ಬರೆದರೆ, ಸಂಖ್ಯೆ ಬದಲಾದ ದಿನ ಕೋರಿಕೆ ಬೇರೆ ಯಂತ್ರದ ಬಾಗಿಲು ತಟ್ಟುತ್ತದೆ. ಡಿಎನ್ಎಸ್ ರೂಪುಗೊಂಡ 1983ಕ್ಕೆ ಮುನ್ನ ಅರ್ಪಾನೆಟ್ ನಡೆದದ್ದೂ ಇಂತಹ ಒಂದೇ ಕಡತದಿಂದ; ಎರಡು-ಮೂರು ಕಂಪ್ಯೂಟರುಗಳ ಅಂಗಡಿಗೆ ಅದು ಇಂದಿಗೂ ಸಾಕು.